ಹಳ್ಳಕ್ಕೊಂದಿಷ್ಟು ಜಾಗ

ಮಲೆನಾಡಿನ ತೋಟದಂಚಿನ ಹಳ್ಳದಲ್ಲಿ ಬೇಸಿಗೆಗೆ ಪಾದ ಮುಳುಗುವಷ್ಟೂ ನೀರಿರುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ಮರುವರ್ಷ ಮೂಡಿಗೆರೆ ಕಡೆ, ಅಂಥವೇ ಹಳ್ಳಗಳು ಗದ್ದೆ ತೋಟಗಳ ಮೇಲೆ ಮಣ್ಣು ಹೇರಿದವು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಹಳ್ಳಕ್ಕೆ ನಾವು ಜಾಗ ಬಿಟ್ಟಿದ್ದೆವೇ?

ಅಂಕುಡೊಂಕಾದ ಹಳ್ಳವನ್ನು ಜೆಸಿಬಿ ತಂದು ನೆಟ್ಟಗೆ ಮಾಡಿದರೆ ನಮ್ಮ ತೋಟದ ನೀರು ಬೇಗ ಇಳಿದುಹೋಗುತ್ತದೆ. ಆ ರಭಸವೆಲ್ಲ ಕೆಳಗಿನ ಮನೆಯವರ ಗದ್ದೆಗೆ. ತಿರುವುಗಳೇ ನೀರಿನ ಸೊಕ್ಕು ಮುರಿಯುವುದು. ವಾಟೆ, ಬಿದಿರು, ಮುಂಡುಗ, ಹೊಂಗೆಯ ಬೇರುಗಳು ದಂಡೆಯ ಮಣ್ಣನ್ನು ಹಿಡಿದಿಡುತ್ತವೆ. ಇನ್ನೆರಡು ಸಾಲು ಅಡಿಕೆಯ ಆಸೆಗೆ ಅವನ್ನು ಕಡಿದರೆ, ಅಡಿಕೆ ಮರವೂ ದಂಡೆಯ ಜೊತೆಗೇ ಹೋದೀತು.

ಪಂಚಾಯಿತಿಯ ಹೊಣೆಯೂ ಸಣ್ಣದಲ್ಲ. ರಸ್ತೆಯಡಿಯ ಮೋರಿಗೆ ಕಿರಿದಾದ ಪೈಪು ಹಾಕಿದರೆ, ತೇಲಿಬಂದ ಒಂದು ದಿಮ್ಮಿ ಸಾಕು, ನೀರು ರಸ್ತೆಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಎಂಜಿನಿಯರು ಪೈಪಿನ ಅಳತೆ ಬರೆಯುವ ಮುನ್ನ, ನೆರೆ ಎಲ್ಲಿಯವರೆಗೆ ಏರಿತ್ತೆಂದು ಅಲ್ಲಿನ ಹಿರಿಯರನ್ನು ಕೇಳಬೇಕು. ಮೇ ತಿಂಗಳಲ್ಲೇ ಮೇಲಿನ ತೋಟದವರು, ಕೆಳಗಿನ ಗದ್ದೆಯವರು, ಗ್ರಾಮ ಆಡಳಿತಾಧಿಕಾರಿ, ಪಂಚಾಯಿತಿ ಸದಸ್ಯರು ಒಟ್ಟಾಗಿ ಹಳ್ಳದುದ್ದಕ್ಕೂ ನಡೆದು ಬರಲಿ. ದಂಡೆ ಎಲ್ಲಿ ಸಡಿಲಾಗಿದೆ, ಯಾವ ಮೋರಿಯಲ್ಲಿ ಹೂಳು ತುಂಬಿದೆ ಎಂದು ಅಲ್ಲೇ ಬರೆದುಕೊಂಡು, ಮುಂಗಾರು ಹಿಡಿಯುವ ಮೊದಲು ಆ ಕೆಲಸ ಮುಗಿಸಲಿ.