ನಮ್ಮ ಚರ್ಮ ಯಾವುದು, ಅದಕ್ಕೆ ಬೇಕಾದದ್ದೇನು?



ಸಾಲದ ಕಂತಿನ ಲೆಕ್ಕ ಮುಗೀತಲ್ಲ, ಈಗ ಮುಖದ ಲೆಕ್ಕ ನೋಡೋಣ. ನಗಬೇಡಿ! ಬೆಳಿಗ್ಗೆ ಮುಖ ತೊಳೆದು ಒರೆಸಿ, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಆಮೇಲೆ ಟಿಶ್ಯೂ ಕಾಗದವನ್ನು ಹಣೆ, ಮೂಗು, ಕೆನ್ನೆಗೆ ಒತ್ತಿ. ಎಲ್ಲ ಕಡೆ ಜಿಡ್ಡು ಹತ್ತಿದರೆ ಎಣ್ಣೆ ಚರ್ಮ. ಜಿಡ್ಡೇ ಇಲ್ಲ, ಮುಖ ಬಿಗಿದಂತಿದೆ ಅಂದ್ರೆ ಒಣ ಚರ್ಮ. ಹಣೆ, ಮೂಗಿನಲ್ಲಿ ಮಾತ್ರ ಜಿಡ್ಡಿದ್ದರೆ ಮಿಶ್ರ ಚರ್ಮ.

ಒಣ ಚರ್ಮದವರಿಗೆ ಬಿಸಿನೀರು, ಬಟ್ಟೆ ಸೋಪು ಬೇಡ. ತೊಳೆದ ಮುಖ ಹಸಿಯಾಗಿರುವಾಗಲೇ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ಎಣ್ಣೆ ಚರ್ಮದವರಿಗೆ ಅದೇ ಎಣ್ಣೆ ಮೊಡವೆ ತರಬಹುದು. ಅವರು ಮೃದು ಸೋಪಿನಿಂದ ದಿನಕ್ಕೆ ಎರಡು ಸಲ ತೊಳೆದರೆ ಸಾಕು, ಉಜ್ಜಬೇಡಿ. ಲಿಂಬೆ ರಸ ಹಚ್ಚಿ ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತೆ. ನಾನೇ ಅನುಭವಿಸಿದ್ದೇನೆ. ಎಲ್ಲರಿಗೂ ಬೇಕಾದದ್ದು ಬಿಸಿಲಲ್ಲಿ ಕೊಡೆ, ಇಲ್ಲವೇ ಸೆರಗು.

ಈಗ ಮುಖ್ಯ ಮಾತು. ಬೆಳ್ಳಗಾಗಲು ಅಂತ ತಂದ ಟ್ಯೂಬಿನ ಮೇಲೆ ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಎಂಬ ಹೆಸರಿದೆಯೇ? ಅದು ಸ್ಟೀರಾಯ್ಡ್. ಇಂಥ 14 ಔಷಧಿಗಳ ಮುಲಾಮನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು. ಮೊದಮೊದಲು ಮುಖ ಹೊಳೆಯುತ್ತೆ, ಅದೇ ಮೋಸ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪೇರುತ್ತೆ, ಮೊಡವೆ, ಕೂದಲು ಬರುತ್ತೆ. ಬಿಟ್ಟ ಕೂಡಲೇ ಉರಿ ಜಾಸ್ತಿ, ಅದಕ್ಕೆ ಹೆದರಿ ಪುನಃ ಹಚ್ಚುತ್ತಾರೆ. ಬಹಳ ದಿನದಿಂದ ಹಚ್ಚುತ್ತಿರುವವರು ಜಿಲ್ಲಾಸ್ಪತ್ರೆಯ ಚರ್ಮ ವೈದ್ಯರನ್ನು ಕೇಳಿಯೇ ಬಿಡಿ.

ಮುಂದಿನ ವಾರದ ಸಭೆಗೆ ಮನೆಯಲ್ಲಿರುವ ಟ್ಯೂಬುಗಳನ್ನು ತನ್ನಿ. ಹೆಸರು ಒಟ್ಟಿಗೆ ಓದೋಣ.