ಹಂಪಿಗೋ, ವಿಜಯಪುರಕ್ಕೋ?



ರಜೆಯಲ್ಲಿ ಪ್ರವಾಸ ಎಲ್ಲಿಗೆ ಎಂದು ತರಗತಿಯಲ್ಲಿ ಕೇಳಿದೆ. ಅರ್ಧ ಮಕ್ಕಳು ಹಂಪಿ ಎಂದರು, ಅರ್ಧ ಮಕ್ಕಳು ವಿಜಯಪುರ ಎಂದರು. ಹಿಂದಿನ ಬೆಂಚಿನ ಹುಡುಗನೊಬ್ಬ, "ಟೀಚರ್, ವಿಜಯಪುರ ನಮ್ಮದು, ಹಂಪಿ ಅವರದು" ಎಂದ. ಆ ಮಾತು ನನ್ನ ಮನಸ್ಸಿಗೆ ನಾಟಿತು.

ಮಕ್ಕಳೇ, ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಕಡೆ ಪಿಸುಗುಟ್ಟಿದರೆ ಎದುರು ಗೋಡೆಯ ಬಳಿ ಕೇಳಿಸುತ್ತದೆ. ಅದೇ ಊರಿನ ಇಬ್ರಾಹಿಂ ರೋಜಾದಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಆದಿಲ್ ಷಾ ತನ್ನ ದಖನಿ ಕೃತಿ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯನ್ನು ಸ್ತುತಿಸಿದ್ದಾನೆ. ಇತ್ತ ಹಂಪಿಯಲ್ಲಿ, ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ರಾಜನಿಗೆ ಪುಣ್ಯ ಬರಲೆಂದು ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಈಗ ಹೇಳಿ, ಯಾವುದು ಯಾರದು? ಎರಡೂ ನಮ್ಮವೇ.

ಆದರೂ ಈ ಸಲ ಹಂಪಿಗೇ ಹೋಗೋಣ. ವಿಜಯಪುರಕ್ಕೆ ಹೋದರೆ ರಾತ್ರಿ ತಂಗಬೇಕು. ಹೆಣ್ಣುಮಕ್ಕಳನ್ನು ಕಳಿಸಲು ಅನೇಕ ಪಾಲಕರು ಹಿಂಜರಿಯುತ್ತಾರೆ. ಹಂಪಿ 2021ರಿಂದ ನಮ್ಮ ವಿಜಯನಗರ ಜಿಲ್ಲೆಯದೇ. ಅರಸೀಕೆರೆಯಿಂದ ಬೆಳಿಗ್ಗೆ ಹೊರಟು ಅದೇ ರಾತ್ರಿ ಮರಳಬಹುದು. ಹುಡುಗಿಯರನ್ನು ಬಿಟ್ಟು ಹೋಗುವ ಪ್ರವಾಸ ನನಗೆ ಬೇಡ.

ಪಾಲಕರಲ್ಲಿ ಒಂದೇ ವಿನಂತಿ: ಮುಂದಿನ ವರ್ಷ ವಿಜಯಪುರಕ್ಕೂ ಅವರನ್ನು ಕಳಿಸಿಕೊಡಿ. ರಾತ್ರಿ ಅವರ ಜೊತೆ ನಾನೇ ಇರುತ್ತೇನೆ.

ಖುದಾ ಹಾಫಿಜ್.