ನಮಗೆ ಎಂತಹ ರೈಲು ನಿಲ್ದಾಣ ಬೇಕು?

(ಬೈರಕೂರಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ಬೈರಕೂರಿನಿಂದ ರೈಲು ಹತ್ತಬೇಕಾದರೆ ಮೊದಲು ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಬೇಕು, ಅಲ್ಲಿಂದ ಕೋಲಾರಕ್ಕೋ ಬಂಗಾರಪೇಟೆಗೋ ಮತ್ತೊಂದು ಬಸ್ಸು ಹಿಡಿಯಬೇಕು. ಮಾಲೂರು, ಕೋಲಾರ, ಶ್ರೀನಿವಾಸಪುರಗಳಿಗೆ ರೈಲುಂಟು, ಮುಳಬಾಗಿಲಿಗೆ ಇಲ್ಲ. ನಮಗೂ ರೈಲು ಬೇಕೆಂಬ ಮಾತು ಹಳೆಯದು. ಆದರೆ ರೈಲು ಬೇಕೆನ್ನುವುದು ಅರ್ಧ ಮಾತು. ಎಂತಹ ನಿಲ್ದಾಣ ಬೇಕೆಂಬುದು ಉಳಿದ ಅರ್ಧ. ಅದನ್ನು ಇಂದೇ ಯೋಚಿಸಿಡಬೇಕು.

ನಮ್ಮ ಜಿಲ್ಲೆಯ ಅನುಭವವನ್ನೇ ನೋಡಿರಿ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದಿತು. ಆ ದಾರಿಯ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಅಲ್ಲಿಂದ 1913ರಲ್ಲಿ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಹಾಕಿದರು. ಮುಂದೆ ಅದು ಚಿಕ್ಕಬಳ್ಳಾಪುರದ ಮೇಲೆ ಯಶವಂತಪುರವನ್ನು ಮುಟ್ಟಿತು. ಆ ಪುಟ್ಟ ಗಾಡಿ ಹೋದ ಮೇಲೆ ಐದೂವರೆ ಅಡಿಯ ದೊಡ್ಡ ಹಳಿ ಬಂದಿತು. 2013ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ದೊಡ್ಡ ಗಾಡಿ ಓಡಿತು. ಹಳಿ ಬದಲಾಯಿತು, ಗಾಡಿ ಬದಲಾಯಿತು. ಆದರೆ ದಾರಿ ಉಳಿದಿತ್ತು. ನಂದಿ ಹಾಲ್ಟ್, ದೊಡ್ಡಜಾಲಗಳಲ್ಲಿ ನೂರು ವರ್ಷದ ಗಟ್ಟಿ ಕಟ್ಟಡಗಳೂ ಉಳಿದವು. ಅವನ್ನು ಕೆಡವದೆ ದುರಸ್ತಿ ಮಾಡಿ ಹೊಸ ಉಪಯೋಗಕ್ಕೆ ತರುವ ಕೆಲಸವನ್ನು ಇಂಟ್ಯಾಕ್ ಸಂಸ್ಥೆ ಕೈಗೊಂಡಿತು.

ಇದರಿಂದ ಕಲಿಯಬೇಕಾದ ಪಾಠವೇನು? ಮನೆ ಕಟ್ಟುವಾಗ ಮಗನ ಮದುವೆಯಾದರೆ ಇನ್ನೊಂದು ಕೋಣೆ ಬೇಕಾದೀತೆಂದು ಜಾಗ ಬಿಡುತ್ತೇವಷ್ಟೆ? ನಿಲ್ದಾಣವೂ ಹಾಗೆಯೇ ಇರಬೇಕು. ಮೊದಲು ಚಿಕ್ಕದಾಗಿರಲಿ: ಒಂದು ಪ್ಲಾಟ್‌ಫಾರಂ, ನೆರಳು, ಕುಡಿಯುವ ನೀರು, ಹೆಂಗಸರಿಗೆ ಶುಚಿಯಾದ ಶೌಚಾಲಯ, ಮುದುಕರೂ ಬಸುರಿಯರೂ ಮೆಟ್ಟಿಲಿಲ್ಲದೆ ಏರುವ ಇಳಿಜಾರು. ಆದರೆ ಎರಡನೆಯ ಹಳಿಗೂ, ಉದ್ದದ ಪ್ಲಾಟ್‌ಫಾರಮಿಗೂ, ಸರಕಿನ ಕೊಟ್ಟಿಗೆಗೂ ಮೊದಲೇ ಜಾಗ ಬಿಟ್ಟಿರಬೇಕು. 2021ರಲ್ಲಿ ದೊಡ್ಡನತ್ತ ನಿಲ್ದಾಣದಿಂದ ಕಿಸಾನ್ ರೈಲಿನಲ್ಲಿ ಮಾವು ದೆಹಲಿಗೆ ಹೋಯಿತು. ಜನ ಹತ್ತುವ ನಿಲ್ದಾಣವೇ ಸುಗ್ಗಿಯಲ್ಲಿ ಹಣ್ಣು ಏರಿಸುವ ತಾಣವೂ ಆಗಬಲ್ಲದು.

ಕಟ್ಟಡವೊಂದಿದ್ದರೆ ಸಾಲದು. 2021ರ ಜನವರಿಯಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದ ಬಳಿ ಹೊಸ ಹಾಲ್ಟ್ ತೆರೆಯಿತು. ಗಾಡಿಗಳು ಕೆಲವೇ ಇದ್ದು, ವೇಳೆಯೂ ಹೊಂದದೆ, ಹತ್ತುವವರು ಕಡಮೆಯಾದರು. ಆದುದರಿಂದ ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರ ವೇಳೆಗೆ ಗಾಡಿ ಇರಬೇಕು. ಗಾಡಿಯ ವೇಳೆಗೆ ಹಳ್ಳಿಯ ಬಸ್ಸು ಬಾಗಿಲಿಗೇ ಬರಬೇಕು.

ಎಲ್ಲಕ್ಕಿಂತ ದೊಡ್ಡ ಮಾತೊಂದಿದೆ. ನಮ್ಮದು ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ, ಕೆರೆಯೇ ಜೀವ. ಒಂದು ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುತ್ತದೆ. ರೈಲಿನ ಮಣ್ಣಿನ ಏರಿ ಈ ಕಾಲುವೆಗಳಿಗೆ ಅಡ್ಡಬಿದ್ದು, ಸಾಕಷ್ಟು ಮೋರಿಗಳಿಲ್ಲದಿದ್ದರೆ, ಮೇಲಿನ ಹೊಲ ಮುಳುಗುತ್ತದೆ, ಕೆಳಗಿನ ಕೆರೆ ಒಣಗುತ್ತದೆ. ಹಳಿಯ ಕೆಳಗಿನ ದಾರಿಯನ್ನು ತಗ್ಗಿನಲ್ಲಿ ತೋಡಿದರೆ ಮಳೆಗಾಲದಲ್ಲಿ ನೀರು ನಿಂತು ಟ್ರಾಕ್ಟರೂ ದನವೂ ದಾಟಲಾರವು. ಹಳಿ ಬಿದ್ದ ಮೇಲೆ ಕೂಗಿದರೆ ಪ್ರಯೋಜನವಿಲ್ಲ. ಅಳತೆಯವರು ಬಂದಾಗಲೇ ಕಾಲುವೆ, ಬಂಡಿಜಾಡು, ಸ್ಮಶಾನದ ದಾರಿ ಎಲ್ಲವನ್ನೂ ತೋರಿಸಬೇಕು.

ನಾವು ಈಗ ಮಾಡಬೇಕಾದ ಕೆಲಸ ಸುಲಭವಾದುದು, ಖರ್ಚಿಲ್ಲದುದು. ಮುಂದಿನ ಗ್ರಾಮಸಭೆಯಲ್ಲಿ ಹಿರಿಯರನ್ನು ಕೂರಿಸಿಕೊಂಡು ಊರಿನ ನಕ್ಷೆಯಲ್ಲಿ ನೀರಿನ ದಾರಿಗಳನ್ನು ಗುರುತಿಸಿರಿ. ದಿನವೂ ಪಟ್ಟಣಕ್ಕೆ ಹೋಗುವವರೆಷ್ಟು, ಯಾವ ಹೊತ್ತಿಗೆ ಹೋಗುತ್ತಾರೆ ಎಂಬುದನ್ನು ಬರೆದಿಡಿರಿ. ಬರಿಯ ಬೇಡಿಕೆಗಿಂತ ಲೆಕ್ಕವಿರುವ ಅರ್ಜಿಗೆ ತೂಕ ಹೆಚ್ಚು. ರೈಲು ಎಂದು ಬಂದರೂ, ಅದು ನಮ್ಮ ಕೆರೆಯನ್ನು ಉಳಿಸಿ, ನಮ್ಮ ಮಕ್ಕಳನ್ನು ಮುಟ್ಟಬೇಕಾದ ಕಡೆ ಮುಟ್ಟಿಸುವ ರೈಲಾಗಲಿ.